ಎಮ್ಮೆಯ ಮುಂದೆ ಕಲಿತ ಮಾತು

ಹೆಂಡತಿ ತವರಿಗೆ ಹೋದರೆ ಸಂತೋಷಪಡುವ ಗಂಡಸರು ಲೋಕದಲ್ಲಿ ಇದ್ದಾರಂತೆ. ನಾನು ಅವರ ಪೈಕಿಯವನಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನನ್ನ ಹೆಂಡತಿ ಶಂಕ್ರಮ್ಮ ಪಂಚಮಿಗೆಂದು ಕಮಲಾಪುರಕ್ಕೆ ಹೋದವಳು ದಸರಾ ಕಳೆದರೂ ಬಂದಿರಲಿಲ್ಲ. ತಪ್ಪು ಅವಳದಲ್ಲ. ಗಂಡನಾದವನು ಖುದ್ದಾಗಿ ಹೋಗಿ, ಮಾವನ ಮುಂದೆ ಕೂತು, ಮಗಳನ್ನು ಕಳಿಸಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ನನಗೆ ಬಾಯಿ ಬಿಡುವುದೊಂದೇ ಬರುವುದಿಲ್ಲ. (ಶಾಲೆ ಬಿಟ್ಟದ್ದೂ ಇದಕ್ಕೇ. ಎದ್ದು ನಿಂತು ಉರ್ದು ಪಾಠ ಓದು ಎಂದರು ಮಾಸ್ತರರು. ಎದ್ದು ನಿಂತೆ. ಅಷ್ಟೇ ಆಯಿತು. ಮರುದಿನದಿಂದ ಹೋಗಲಿಲ್ಲ.)

ಒಮ್ಮೆ ಕರೆಯಲು ಹೋಗಿಯೂ ಬಂದೆ. ಉಂಡೆ, ಎಲೆ ಅಡಿಕೆ ಹಾಕಿಕೊಂಡೆ, ಒಬ್ಬನೇ ವಾಪಸ್ ಬಂದೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಗೆ ಹಬ್ಬವಾಯಿತು. ಅವ್ವ ಸೂಗಮ್ಮ ಕಿಡಿಕಿಡಿಯಾದಳು.

“ಉಂಡು ಬರ್ಲಿಕ್ಕ ಹೋಗಿದ್ದೇನೋ ಜಗ್ಯಾ? ಅಳಿಯಗ ನಮ್ಮ ಹುಡುಗಿ ಬ್ಯಾಡಾಗ್ಯಾಳೇನು ಅಂತ ನಿಮ್ಮ ಮಾವ ಗುರುಲಿಂಗಪ್ಪ ಊರ ತುಂಬ ಕೇಳ್ಲಾಕತ್ತಾನ. ದೀಪಾವಳಿಯೊಳಗ ನೀ ಬಂದು ಕೇಳ್ಲಿಲ್ಲಂದ್ರ ಅವರು ಕಳಸೋದೇ ಇಲ್ಲಂತ. ಆಮ್ಯಾಲ ಎಮ್ಮಿ ಜೋಡಿ ಸಂಸಾರ ಮಾಡು!”

ಅವ್ವನ ದನಿ ಗೋಡೆ ದಾಟಿ ನೆರೆಮನೆಯ ಇಮಾಮುದ್ದೀನ್ ಚಾಚಾನಿಗೆ ಕೇಳಿಸಿತು. ಚಾಚಾ ಓಣಿಯ ತಾಲೀಮಿನ ಉಸ್ತಾದ, ಹುಡುಗರಿಗೆ ಕುಸ್ತಿ ಕಲಿಸುವವರು. ನನ್ನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು.

“ಆದತ್ ಬೇಟಾ, ಆದತ್! ರೂಢಿ ಆಗಬೇಕು. ಹೊಸಾ ಹುಡುಗೋರು ಮೊದಲ ದಿನಾನೇ ಗದಾದಂಥ ದೊಡ್ಡ ಮುದ್ಗರ್ ಎತ್ತಾಕ ಹೋಗಿ ಸೊಂಟಾ ಹಿಡಕೊಂಡು ಕೂಡ್ತಾರ. ನೀನೂ ಹಂಗೇ, ಸೀದಾ ಮಾವನ ಮುಂದ ಹೋಗಿ ಕುಂತಿ. ರೋಜ್ ಥೋಡಾ ಥೋಡಾ, ಸ್ವಲ್ಪ ಸ್ವಲ್ಪ. ದಿನಾ ಮುಂಜಾನಿ ಅದೇ ಮಾತು ಜೋರಾಗಿ ಹೇಳು. ಒಂದಿನ ಬಾಯಿ ತಾನೇ ಓಡ್ತದ.”

“ಯಾರ ಮುಂದ ಹೇಳ್ಲಿರಿ ಚಾಚಾ?”

“ನಗಲಾರದವರ ಮುಂದ.”

ನಮ್ಮ ಮನೆಯಲ್ಲಿ ನಗಲಾರದ ಜೀವ ಒಂದೇ. ಮರುದಿನದಿಂದ ಹಾಲು ಹಿಂಡುತ್ತ ಎಮ್ಮೆಗೆ ಹೇಳತೊಡಗಿದೆ: “ಮಾವಾರ, ನಿಮ್ಮ ಮಗಳನ್ನ ನನ್ನ ಜೋಡಿ ಕಳಸಿ ಕೊಡ್ರಿ. ಆಕಿ ಇಲ್ಲದ ಮನಿ ಬಣಾಬಣಾ ಅನ್ನಲಾಕತ್ತದ.” ಮೊದಮೊದಲು ಪಿಸುಮಾತು. ಬರುಬರುತ್ತ ಎಮ್ಮೆ ಕಿವಿ ನಿಮಿರಿಸುವಷ್ಟು ದನಿ ಬಂತು. ಎಮ್ಮೆ ಎಂದಮೇಲೆ ಬಾಲ ಬೀಸುತ್ತದೆ, ಕಾಲೆತ್ತುತ್ತದೆ. ಅದಕ್ಕೂ ತಕ್ಕ ಮಾತು ನಡುನಡುವೆ ಹೇಳುತ್ತಿದ್ದೆ. ದೀಪಾವಳಿ ಸಮೀಪಿಸಿದಾಗ ನಾನೊಬ್ಬ ವಾಗ್ಮಿಯಾಗಿದ್ದೆ. (ಕೊಟ್ಟಿಗೆಯ ಮಟ್ಟಿಗೆ.)

ಬಂಡಿ ಹೂಡಿಸಿಕೊಂಡು ಕಮಲಾಪುರಕ್ಕೆ ಹೋದೆ. ಮಾವ ಕಂಬಳಿ ಹಾಸಿದರು. ಸರ್ಕಾರದ ತಾಲೂಕದಾರರು ಬಂದರೂ ಅಷ್ಟು ಮರ್ಯಾದೆ ಸಿಗಲಿಕ್ಕಿಲ್ಲ. ಅವರ ಮುಖ ನೋಡಿದೆ. ಒಂದಕ್ಷರ ಹೊರಡಲಿಲ್ಲ. ಮುಂದೆ ಇಟ್ಟ ಕೆಂಪು ಬಾಳೆಹಣ್ಣನ್ನೇ ನೋಡುತ್ತ ಕೂತೆ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಅಳಿಯ ಮಾವನ ಮನೆಯಲ್ಲಿ ಮೂಕನಾಗಿ ಕೂತರೆ ಅದನ್ನು ನಾಚಿಕೆ ಎನ್ನುವುದಿಲ್ಲ. ಉಡುಗೊರೆಗಾಗಿ ಮುನಿದಿದ್ದಾನೆ ಎನ್ನುತ್ತಾರೆ.

“ಅಳಿಯರ, ಮದವ್ಯಾಗ ಏನರ ಕಮ್ಮಿ ಮಾಡೀವೇನ್ರಿ?” ಎಂದ ಮಾವ ಒಳಗೆ ಹೋಗಿ ಜರಿ ರುಮಾಲು ತಂದಿಟ್ಟರು. ಬೇಡವೆಂದು ತಲೆಯಾಡಿಸಿದೆ. ಸಾಲದೆಂದು ತಿಳಿದು ಬೆಳ್ಳಿ ಉಡದಾರ ತಂದರು. ಇನ್ನೂ ಜೋರಾಗಿ ತಲೆಯಾಡಿಸಿದೆ. ತಮ್ಮ ಬೆರಳಿನ ಉಂಗುರವನ್ನೇ ಬಿಚ್ಚಿಟ್ಟರು. ನನ್ನ ಕುತ್ತಿಗೆ ನೋಯುತ್ತಿತ್ತು.

“ಹುಡುಗಗ ಭಾಳ ದೊಡ್ಡ ಆಸಿ ಅದ,” ಎಂದು ಒಳಗೆ ಅತ್ತೆ ಅತ್ತದ್ದು ಕೇಳಿಸಿತು.

ಮರುದಿನ ನಸುಕಿನಲ್ಲಿ ಅಭ್ಯಾಸ ನನ್ನನ್ನು ಎಬ್ಬಿಸಿತು. ಹಿತ್ತಲಿಗೆ ಹೋಗಿ ಅವರ ಎಮ್ಮೆಯ ಮುಂದೆ ನಿಂತೆ. ನೀರು ಹರಿದಂತೆ ಮಾತು ಹರಿಯಿತು. ಹಿತ್ತಲ ಆಚೆ ತುದಿಯಲ್ಲಿ ತಂಬಿಗೆ ಹಿಡಿದು ನಿಂತ ಮಾವನನ್ನು ನಾನು ಆಗ ನೋಡಲಿಲ್ಲ. ಅಷ್ಟು ದೂರಕ್ಕೆ ಅವರಿಗೆ ನನ್ನ ಮಾತು ಕೇಳಿಸಲಿಲ್ಲ, ಎಮ್ಮೆಯ ಮೇಲಿನ ನನ್ನ ಪ್ರೀತಿ ಮಾತ್ರ ಕಾಣಿಸಿತು.

ಹೊತ್ತೇರುವ ಮೊದಲೇ ಅವರು ಎಮ್ಮೆಯನ್ನು ಅಂಗಳಕ್ಕೆ ತಂದು ಹಗ್ಗವನ್ನು ನನ್ನ ಕೈಗಿಟ್ಟರು.

“ನಿಮ್ಮ ಮನಸಿನಾಗ ಇದ್ದಿದ್ದು ಈಗ ತಿಳೀತ್ರಿ. ನಮ್ಮ ಮನ್ಯಾಗ ಇರೋ ಹೈನ ಇದೊಂದೇ. ತಗೋರಿ. ಆದ್ರ ನನ್ನ ಮಗಳನ್ನ ಒಲ್ಲೆ ಅನ್ನಬ್ಯಾಡ್ರಿ.”

ಅವರ ಕಣ್ಣು ತುಂಬಿತ್ತು. ಈಗಲೂ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಎಂದುಕೊಂಡು ತಲೆಯೆತ್ತಿದೆ. ಎದುರಿಗೆ ಎಮ್ಮೆ, ಪಕ್ಕದಲ್ಲಿ ಮಾವ. ಬಾಯಿ ತಾನೇ ಓಡಿತು.

“ಮಾವಾರ, ನಿಮ್ಮ ಮಗಳನ್ನ ನನ್ನ ಜೋಡಿ ಕಳಸಿ ಕೊಡ್ರಿ! ಆಕಿ ಇಲ್ಲದ ಮನಿ ಬಣಾಬಣಾ ಅನ್ನಲಾಕತ್ತದ! ಏ, ಸರಿ ಆಚಿಗಿ! ಬಾಲ ಬಡದಿ ಅಂದ್ರ ನೋಡು! ಕಾಲ ತಗಿ!”

ಮಾವ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಎಮ್ಮೆ ಅಲ್ಲಾಡಲಿಲ್ಲ.

“ಸರದೀನ್ರಿ ಅಳಿಯರ,” ಎಂದರು ಮೆಲ್ಲಗೆ. “ಇನ್ನೇನರ ಅದ ಏನ್ರಿ?”

ಬಾಗಿಲ ಹಿಂದಿನಿಂದ ನಗು ಸಿಡಿಯಿತು. ಶಂಕ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ಕಂಕುಳಲ್ಲಿ ಬಟ್ಟೆಗಂಟು. ಅವಳನ್ನು ನೋಡಿ ಮಾವನೂ ನಕ್ಕರು, ಅತ್ತೆಯೂ ನಕ್ಕಳು. ನಾನು ರುಮಾಲು, ಉಡದಾರ, ಉಂಗುರಗಳನ್ನು ಒಂದೊಂದಾಗಿ ಕಂಬಳಿಯ ಮೇಲೆ ಜೋಡಿಸಿಟ್ಟು, ಎಮ್ಮೆಯನ್ನು ಗೂಟಕ್ಕೆ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಬಂಡಿ ಹತ್ತಿದೆ. ಎದೆಯ ಮೇಲಿನ ಬೀಸುವಕಲ್ಲನ್ನು ಯಾರೋ ಇಳಿಸಿದಂತಾಗಿತ್ತು.

ದಾರಿಯಲ್ಲಿ ಕೇಳಿದೆ, “ಬಟ್ಟಿಗಂಟು ಯಾವಾಗ ಕಟ್ಟಿದಿ?”

“ನೀವು ಬಂದು ಕುಂತ ಕೂಡ್ಲೇ.”

“ಮತ್ತ ನಿಮ್ಮಪ್ಪಗ ಹೇಳಬಾರದೇನು?”

“ನೀವೇ ಕೇಳ್ಬೇಕಿತ್ತು. ಮುಂಜಾನಿ ಹಿತ್ತಲದಾಗ ಎಮ್ಮಿಗಿ ಹೇಳಿದ್ದು ಬಾಗಲ ಹಿಂದ ನಿಂತಿದ್ದ ನನಗ ಕೇಳ್ಸಿತ್ತು. ಮನಿ ಬಣಾಬಣಾ ಅಂತದ ಅಂದ್ರೆಲಾ, ಅದನ್ನ ಇನ್ನೊಮ್ಮಿ ಕೇಳ್ಬೇಕು ಅನಿಸ್ತು.” ಹೀಗೆಂದವಳು ಆಚೆ ಮುಖ ತಿರುಗಿಸಿದಳು. ನಾನು ಎತ್ತುಗಳನ್ನು ನೋಡಿದೆ.

ಕಲಬುರಗಿ ಮುಟ್ಟಿದೆವು. ಅವ್ವ ಸೊಸೆಯ ದೃಷ್ಟಿ ತೆಗೆದಳು. ಊಟಕ್ಕೆ ಕೂತಾಗ ಶಂಕ್ರಮ್ಮನೇ ಬಡಿಸಿದಳು. ಯಾವ ತಯಾರಿಯೂ ಇಲ್ಲದೆ, ಎಮ್ಮೆಯ ನೆರವೂ ಇಲ್ಲದೆ, ನನ್ನ ಬಾಯಿಂದ ಹೊಸ ಮಾತೊಂದು ತಾನಾಗಿ ಹೊರಟಿತು.

“ಸಾರಿಗಿ ಉಪ್ಪು ಕಮ್ಮಿ ಆಗ್ಯಾದ.”

ಅವ್ವ ಬೆರಗಾಗಿ ನನ್ನ ಮುಖ ನೋಡಿದಳು. ಶಂಕ್ರಮ್ಮ ಉಪ್ಪಿನ ಗಡಿಗೆಯನ್ನೇ ತಂದು ನನ್ನ ಮುಂದೆ ಇಟ್ಟಳು.

“ಹೌದೇನ್ರಿ? ಹಂಗಾದ್ರ ನಾಳಿ ಸಾರು ನೀವೇ ಮಾಡ್ರಿ.”

ಇದನ್ನು ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಸೌದೆ ಹಸಿ, ಹೊಗೆಗೆ ಕಣ್ಣು ಬಿಡಲಾಗುತ್ತಿಲ್ಲ. ಶಂಕ್ರಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಬೇಳೆ ಉಕ್ಕುತ್ತಿದೆ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಾಳೆ. ಕೂಗಲಿ. ಮನೆಯಲ್ಲಿದ್ದಾಳೆ.