ಮೋರ್ ಹಾರ್ಡರ್

ಬಸ್ ನಿಲ್ದಾಣದ ಮೂಲೆಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆ. ಮರೆತುಹೋಗುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಅದನ್ನು ಕಾಯುವವನಿಗೆ ಎಲ್ಲರೂ ಇಟ್ಟ ಹೆಸರು ಕೊಡೆಯಣ್ಣ. ಗಂಟುಮೂಟೆಗಳನ್ನು ಅಟ್ಟಕ್ಕೇರಿಸಿ ಇಳಿಸಿ ಅವನ ಸೊಂಟ ಬಿದ್ದುಹೋಗಿತ್ತು. ಜೊತೆಗೊಬ್ಬ ಆಳು ಕೇಳೋಣವೆಂದರೆ ಹೊಸ ಸಾಹೇಬರಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಏನಿದ್ದರೂ ಬರೆದೇ ಕೊಡಬೇಕು.

ಆವತ್ತು ಬೆಳಿಗ್ಗೆ ಆಳು ಬೇಕೆಂಬ ಅರ್ಜಿಗೆ ಬೆವರು ಸುರಿಸಿ ಒಂದು ಸಾಲು ಬರೆದ: ಮೈ ವರ್ಕ್ ಈಸ್ ಮೋರ್ ಹಾರ್ಡರ್ ದ್ಯಾನ್ ಬಿಫೋರ್. ಕೆಲಸ ಮೊದಲಿಗಿಂತ ಕಷ್ಟವಾಗಿದೆ, ಅಷ್ಟೇ ಅವನ ಅಳಲು.

ಟಿಕೆಟ್ ಗುಮಾಸ್ತ ಕಿಟಕಿಯಲ್ಲಿ ಇಣುಕಿದ. "ಹಾರ್ಡರ್ ಅಂದ್ಮೇಲೆ ಮೋರ್ ಯಾಕೋ? ಕೊಡೆ ಮೇಲೆ ಕೊಡೆ ಹಿಡ್ಕೊಂಡ ಹಾಗಿದೆ."

ಕೊಡೆಯಣ್ಣ ಮೋರ್ ಹೊಡೆದುಹಾಕಿದ. ಅಷ್ಟರಲ್ಲಿ ಮೈಕಿನಲ್ಲಿ ಬಸ್ಸಿನ ವೇಳೆ ಕೂಗುವ ಅಕ್ಕ ಬಂದು, ಹಾರ್ಡ್ ಅಂದರೆ ಕಲ್ಲಿನ ಹಾಗೆ ಗಟ್ಟಿ ಅಂತಲೂ ಆಗುತ್ತದೆ, ಡಿಫಿಕಲ್ಟರ್ ಅಂತ ಹಾಕು ಎಂದಳು. ಅವಳ ಹಿಂದೆಯೇ ಬಂದ ಡ್ರೈವರ್, ಕೇಳೋದಾದರೆ ಜೋರಾಗಿ ಕೇಳಬೇಕು, ಮೋಸ್ಟ್ ಡಿಫಿಕಲ್ಟರ್ ಅಂತಲೇ ಬರಿ ಎಂದ. ಮೂವರೂ ಅಲ್ಲೇ ವಾದಕ್ಕೆ ನಿಂತರು. ಸಾಮಾನು ಕೇಳಲು ಬಂದವರ ಸಾಲು ಬಾಲದಂತೆ ಬೆಳೆಯಿತು. ಗಡಿಬಿಡಿಯಲ್ಲಿ ಯಾರದೋ ಕೊಡೆ ಯಾರಿಗೋ ಕೊಟ್ಟು ಕೊಡೆಯಣ್ಣ ಇಬ್ಬರಿಂದಲೂ ಬೈಸಿಕೊಂಡ.

ಬೇರೆ ದಾರಿ ಕಾಣದೆ ಮಧ್ಯಾಹ್ನ ಅತ್ತೆಗೆ ಫೋನ್ ಮಾಡಿದ. ಅತ್ತೆ ನಿವೃತ್ತ ಇಂಗ್ಲಿಷ್ ಟೀಚರ್. ಅಳಿಯನೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗಿಡ್ಡ ಪದವಾದರೆ ಹಿಂದೊಂದು ‘ಅರ್’ ಬಾಲ, ಉದ್ದ ಪದವಾದರೆ ಮುಂದೊಂದು ಮೋರ್, ಎರಡೂ ಒಟ್ಟಿಗೆ ಸತ್ತರೂ ಬೇಡ ಎಂದು, ಮಗಳ ಮದುವೆಯಾದಾಗಿನಿಂದ ಕೂಡಿಟ್ಟಿದ್ದ ಬೈಗುಳವನ್ನೂ ಬೆರೆಸಿ ಪಾಠ ಹೇಳಿದರು. ಅವನು ತಲೆ ತಗ್ಗಿಸಿ ಹೊಸ ಹಾಳೆಯಲ್ಲಿ ಮೋರ್ ಡಿಫಿಕಲ್ಟ್ ದ್ಯಾನ್ ಬಿಫೋರ್ ಎಂದು ದುಂಡಗೆ ಬರೆದ.

ಸಂಜೆ ಸಾಹೇಬರು ಅದನ್ನು ಎರಡು ಸಲ ಓದಿ ಮುಗುಳ್ನಕ್ಕರು. ಏನೋ ಉದ್ದಕ್ಕೆ ಮಾತಾಡಿದರು. ಕೊಡೆಯಣ್ಣನ ಎದೆ ಹಗುರಾಯಿತು. ದುಭಾಷಿಯಾಗಿ ಜೊತೆಗೆ ಬಂದಿದ್ದ ಗುಮಾಸ್ತನ ಮುಖ ನೋಡಿದ.

"ಒಂದೂ ತಪ್ಪಿಲ್ವಂತೆ," ಎಂದ ಗುಮಾಸ್ತ. "ಇಷ್ಟು ತಿದ್ದಿತೀಡಿ ಬರೆಯೋಕೆ ಪುರುಸೊತ್ತಿರೋನಿಗೆ ಕೆಲಸ ಎಲ್ಲಿ ಕಷ್ಟ ಅಂತ ಕೇಳ್ತಿದ್ದಾರೆ. ಆಳು ಬೇಡವಂತೆ. ನಾಳೆಯಿಂದ ನಮ್ಮೆಲ್ಲರ ಅರ್ಜಿನೂ ನೀನೇ ತಿದ್ದಿಕೊಡಬೇಕಂತೆ."

ಕೊಡೆಯಣ್ಣ ಸೊಂಟ ಹಿಡಿದುಕೊಂಡು ಕೋಣೆಗೆ ವಾಪಸಾದ. ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಡ್ರೈವರ್ ಒಂದು ಹಾಳೆ ಹಿಡಿದು ಕಿಟಕಿಗೆ ಒರಗಿ ನಿಂತಿದ್ದ.