ನಮ್ಮತ್ತಿ ತೀಡಿದ ಟೊಂಕಗಳು

ಟೊಂಕ ಹಿಡಿದವರ ಮನೆಗೆ ಹೋದಾಗ ನಗಬಾರದು. ಆದರೆ ನಗು ತರಿಸುವಂಥದ್ದು ಅಲ್ಲಿಯೇ ನಡೆಯುತ್ತಿರುತ್ತದೆ. ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ ನಾನು ಸಗರಕ್ಕೆ ಸೊಸೆಯಾಗಿ ಬಂದೆ. ನಮ್ಮ ಅತ್ತೆ ಬಸುರಿಯರ ಬೆನ್ನು ತೀಡುವವಳು, ಕೂಸುಗಳ ಉಳುಕು ತೆಗೆಯುವವಳು. ಔಡಲೆಣ್ಣೆಯ ಗಿಂಡಿ ಹಿಡಿದು ನಾನು ಆಕೆಯ ಹಿಂದೆ ಹೋಗುತ್ತಿದ್ದೆ.

ನೀರು ತಂದ ಮಾಸ್ತರರು

ಶಹಾಪುರದಲ್ಲಿ ಒಬ್ಬ ಮಾಸ್ತರರ ಹೆಂಡತಿ ತುಂಬು ಬಸುರಿ. ಟೊಂಕ ನೋವು ತಡೆಯದೆ ಅತ್ತೆಯನ್ನು ಕರೆಸಿದ್ದಳು. ಅತ್ತೆ ತೀಡಿ, ಇನ್ನು ಕೊಡ ಎತ್ತಬೇಡ ಎಂದು ಹೇಳಿ ಬಂದಳು. ನೀರು ನಾನೇ ತರುತ್ತೇನೆ ಎಂದು ಮಾಸ್ತರರು ಓಣಿಗೆಲ್ಲ ಕೇಳುವಂತೆ ಹೇಳಿದರು.

ಮರುದಿನ ನಾವು ಹೋದಾಗ ಅವರು ಹೊರಸಿನ ಮೇಲೆ ಬೋರಲು ಬಿದ್ದಿದ್ದರು. ಮೊದಲನೇ ಕೊಡಕ್ಕೇ ಟೊಂಕ ಹಿಡಿದಿತ್ತು. ಹೆಂಡತಿ ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಅವರಿಗೆ ಶಾಖ ಕೊಡುತ್ತಿದ್ದಳು. ಅತ್ತೆ ಕೂಡು ಎಂದರೂ ಕೂಡಲಿಲ್ಲ.

"ಮೊದಲ ಅವರಿಗಿ ತೀಡ್ರಿ," ಅಂದಳು. "ನನ್ನ ಟೊಂಕ ಹಡಿಯೂತನಕ ತಡೀತದ. ಅವರದು ಸಂಜಿತನಕಾನೂ ತಡಿಯೂಹಂಗ ಕಾಣೂದಿಲ್ಲ."

ಗುಮಾಸ್ತನ ಟೋಪಿ

ಸುರಪುರದ ಕಚೇರಿಯ ಗುಮಾಸ್ತನೊಬ್ಬ ಗಾಡಿ ಕಳಿಸಿದ. ತೊಟ್ಟಿಲಲ್ಲಿ ಮಲಗಿಸಿದರೆ ಕೂಸಿನ ಗೋಣು ಒಂದೇ ಕಡೆ ಹೊರಳಿ ನಿಲ್ಲುತ್ತದೆ ಎಂದು ಅತ್ತು ಅತ್ತು ತಾಯಿಯ ಕಣ್ಣು ಬಾತುಕೊಂಡಿದ್ದವು. ಇಲಾಜಿಗೆಂದು ಅತ್ತೆ ಎಣ್ಣೆ ಬಿಸಿ ಮಾಡಿಕೊಂಡು ಕೂತಳು.

ಅಷ್ಟರಲ್ಲಿ ಕಚೇರಿಗೆ ಹೊತ್ತಾಯಿತೆಂದು ಗುಮಾಸ್ತ ಆ ಕಡೆಯ ಗೋಡೆಯ ಗೂಟದಲ್ಲಿದ್ದ ರೂಮಿ ಟೋಪಿ ತೆಗೆದು ತಲೆಗಿಟ್ಟುಕೊಂಡ. ಕೆಂಪು ಟೋಪಿ, ಅದರ ಮೇಲೆ ತೂಗಾಡುವ ಕರಿ ಗೊಂಡೆ. ಗೊಂಡೆ ಬಾಗಿಲ ಕಡೆ ಹೊರಟಿತು, ಕೂಸಿನ ಗೋಣೂ ಅದರ ಹಿಂದೆಯೇ ಪೂರಾ ತಿರುಗಿತು. ಟೋಪಿ ಹೊಸ್ತಿಲು ದಾಟಿದ್ದೇ ತಡ, ಕೂಸು ಚೀರತೊಡಗಿತು. ಅತ್ತೆ ಓಡಿಹೋಗಿ ಟೋಪಿ ಕಸಿದು ತಂದು ಎದುರಿನ ಗೋಡೆಗೆ ತೂಗುಹಾಕಿದಳು. ಕೂಸು ಆ ಕಡೆ ಹೊರಳಿ ಸುಮ್ಮನಾಯಿತು.

ಗುಮಾಸ್ತ ಬರಿ ತಲೆಯಲ್ಲಿ ಕಚೇರಿಗೆ ಹೋದ. ಟೋಪಿ ಎಲ್ಲಿ ಎಂದು ಸಾಹೇಬರು ಗದರಿಸಿದಾಗ ಕೈಮುಗಿದು ಹೇಳಿದನಂತೆ:

"ಹುಜೂರ್, ಅದು ಮನ್ಯಾಗ ಕೂಸಿಗಿ ಇಲಾಜ್ ಮಾಡಾಕತ್ತಾದ್ರಿ."

ಮಾವನವರ ಸರದಿ

ನಮ್ಮ ಮಾವ ಬಲು ಬಿರುಸು. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ ಸರಿಯಬೇಕು. ಒಂದು ದಿನ ಜೋಳದ ಚೀಲ ಎತ್ತಲು ಬಗ್ಗಿದವರು ಬಗ್ಗಿಯೇ ಉಳಿದರು. ಸಂಜೆಗೆ ನನ್ನ ನಾದಿನಿಯನ್ನು ನೋಡಲು ಗೋಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹೆಣ್ಣಿನ ಅಪ್ಪ ಈಗಲೇ ಇಷ್ಟು ಬಗ್ಗಿ ನಿಂತರೆ ಅವರು ಏನೇನು ಕೇಳಿಯಾರು ಎಂದು ಅತ್ತೆಗೆ ದಿಗಿಲು.

ಎಷ್ಟು ತೀಡಿದರೂ ಟೊಂಕ ಬಿಡಲಿಲ್ಲ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಇಂಥ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಓಣಿಯಲ್ಲೆಲ್ಲ ಕೇಳಿಸಿದರು, ಯಾರೂ ಸಿಗಲಿಲ್ಲ. ಕೊನೆಗೆ ನಾನೇ ಕದದ ಮರೆಯಿಂದ, ನಾನು ಹುಟ್ಟಿದ್ದು ಹಾಗೆಯೇ ಎಂದೆ.

ಮಾವ ಚೀಲಗಳ ಕಡೆ ಮುಖ ಮಾಡಿ ನಿಂತರು. ನಾನು ಮೊದಲು ಅವರ ಪಾದ ಮುಟ್ಟಿದೆ. ಆಮೇಲೆ ಹೆದರಿ ಹೆದರಿ ಬೆನ್ನಿಗೆ ಕಾಲು ತಾಗಿಸಿದೆ.

"ನಮಸ್ಕಾರ ಸಾಕು, ಇನ್ನ ಒದಿ," ಅಂದಳು ಅತ್ತೆ.

ಕಣ್ಣು ಮುಚ್ಚಿ ಒದ್ದೆ. ಮಾವ ಜೋಳದ ಚೀಲಗಳ ಮೇಲೆ ಹೋಗಿ ಬಿದ್ದರು. ಎದ್ದಾಗ ನೆಟ್ಟಗೆ ನಿಂತಿದ್ದರು. ನಾನು ಅಡಿಗೆಮನೆಗೆ ಓಡಿದೆ. ಅತ್ತೆ ಹಿಂದೆಯೇ ಬಂದು ನನ್ನ ಕಾಲನ್ನೇ ನೋಡುತ್ತ ನಿಟ್ಟುಸಿರು ಬಿಟ್ಟಳು.

"ನಮ್ಮವ್ವ ನನ್ನ ತಲಿ ಮುಂದ ಮಾಡಿ ಹಡದಾಳ ನೋಡವ್ವ. ಇಷ್ಟು ವರ್ಷ ಸುಮ್ನ ಹೋದ್ವು."