ಸೊನ್ನೆಗೆ ಮರಳದ ಮುಳ್ಳಿನ ಬಗ್ಗೆ ವಿವರಣೆ

ದಿನಾಂಕ: 4-11-2004

ಇಂದ:
ನೀಲಾಂಬಿಕೆ ಕೋಂ ಪರಮೇಶ್ವರಪ್ಪ,
ಅಂಗನವಾಡಿ ಕಾರ್ಯಕರ್ತೆ, ಅತ್ತಿಗದ್ದೆ,
ಮೇಗುಂದ ಹೋಬಳಿ.

ಗೆ:
ಮಾನ್ಯ ಯೋಜನಾಧಿಕಾರಿಯವರು,
ಅಂಗನವಾಡಿಗಳ ಮೇಲಿನ ಕಚೇರಿ.

ವಿಷಯ: ಕೇಂದ್ರದ ಸ್ಪ್ರಿಂಗ್ ತಕ್ಕಡಿಯು ಸ್ಥಿತಿಸ್ಥಾಪಕತ್ವದ ಮಿತಿ ಮೀರಿರುವುದರಿಂದ ಮೂರು ವರ್ಷದ ನಿಶ್ಚಿತಾಳಿಗೆ ನಿಂತುಹೋಗಿರುವ ಎರಡನೇ ಪಾಲು ಆಹಾರವನ್ನು ಮರಳಿ ಕೊಡಿಸುವ ಕುರಿತು.

ಉಲ್ಲೇಖ: 1. ತಮ್ಮ ಕಚೇರಿಯ ನೋಟಿಸು, ದಿನಾಂಕ 18-10-2004.
2. ತಮ್ಮ ಕಚೇರಿಯ ಪ್ರಶಂಸಾ ಪತ್ರ, ದಿನಾಂಕ 5-7-2004.

ಮಾನ್ಯರೇ,

ನೋಟಿಸಿನಲ್ಲಿ ತಾವು ಕೇಳಿರುವ ಪ್ರಶ್ನೆ ಒಂದೇ. ಸೆಪ್ಟೆಂಬರ್ ತಿಂಗಳಲ್ಲಿ ಅತ್ತಿಗದ್ದೆಯ ಹದಿನಾಲ್ಕು ಮಕ್ಕಳೂ ತಲಾ ಒಂದು ಕೆ.ಜಿ. ಇನ್ನೂರು ಗ್ರಾಂನಷ್ಟು ಇಳಿದದ್ದು ಹೇಗೆ? ಉತ್ತರಕ್ಕೆ ಮೂರು ದಿನದ ಗಡುವಿತ್ತು; ಹದಿನೇಳು ದಿನವಾಗಿದೆ. ಅರ್ಜಿದಾರಳು ತಡಮಾಡಿದ್ದು ಉದ್ಧಟತನದಿಂದಲ್ಲ, ಉತ್ತರದಲ್ಲಿ ಹಲಸಿನಹಣ್ಣು ಬರುತ್ತದೆಂಬ ನಾಚಿಕೆಯಿಂದ. ಕಾರಣ, ಈಗ ಕೆಳಕಂಡಂತೆ ಒಪ್ಪಿಸಲಾಗಿದೆ.

1. ಸದರಿ ತಕ್ಕಡಿಯು ಗಡಿಯಾರದಂತೆ ದುಂಡಗಿದ್ದು, ಕೇಂದ್ರದ ಒಳಜಗಲಿಯ ತೊಲೆಗೆ ತೂಗುಹಾಕಲ್ಪಟ್ಟಿದೆ. ಕೊಕ್ಕೆಗೆ ಬಟ್ಟೆಯ ಜೋಳಿಗೆ ಕಟ್ಟಿ ಮಗುವನ್ನು ಕೂರಿಸಿದರೆ ಒಳಗಿನ ಸ್ಪ್ರಿಂಗು ಹಿಗ್ಗಿ ಮುಳ್ಳು ತಿರುಗುತ್ತದೆ. ಇಳಿಸಿದರೆ ಸೊನ್ನೆಗೆ ಬರುತ್ತದೆ. ಇಪ್ಪತ್ತೈದು ಕೆ.ಜಿ.ಗೆ ಮುಳ್ಳಿನ ಒಂದು ಸುತ್ತು ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ತೂಗಬಾರದೆಂದು ಅದರ ಮುಖದ ಮೇಲೆಯೇ ಬರೆದಿದೆ. ಇಂಗ್ಲಿಷಿನಲ್ಲಿ ಬರೆದಿದೆ.

2. ಕಳೆದ ಮೇ ತಿಂಗಳ ರಜೆಯಲ್ಲಿ ಅರ್ಜಿದಾರಳ ಯಜಮಾನರಿಗೂ ನೆರೆಮನೆಯ ಮಾರಪ್ಪನವರಿಗೂ ಯಾರ ಮರದ ಹಲಸು ದೊಡ್ಡದೆಂದು ಪಂದ್ಯ ಬಿದ್ದಿತು. ಊರಿನಲ್ಲಿ ಇಬ್ಬರೂ ನಂಬುವ ತಕ್ಕಡಿ ಇದೊಂದೇ. ಕೇಂದ್ರದ ಬೀಗದ ಕೈ ಕೊಟ್ಟವಳು ಅರ್ಜಿದಾರಳೇ. ಮಾರಪ್ಪನವರ ಹಣ್ಣು ಇಪ್ಪತ್ತೆರಡು ತೂಗಿತು. ಯಜಮಾನರ ಹಣ್ಣನ್ನು ಹಗ್ಗ ಕಟ್ಟಿ ಬಿಟ್ಟಾಗ ಮುಳ್ಳು ಒಂದು ಸುತ್ತು ಪೂರ್ತಿ ಹೊಡೆದು, ಸೊನ್ನೆಯನ್ನು ದಾಟಿ, ಐದರ ಮೇಲೆ ನಿಂತಿತು.

"ನಿನ್ನ ಹಣ್ಣು ಐದೇ ಕೆ.ಜಿ. ಮಾರಾಯ! ಒಳಗೆ ಬರೀ ಗಾಳಿ ಉಂಟು!" ಎಂದು ಮಾರಪ್ಪನವರು ನುಡಿದರು.

"ಕಣ್ಣು ಎಲ್ಲಿಟ್ಟಿದ್ದೆ ಮಾರಾಯ? ಒಂದು ಸುತ್ತು ಹೊಡೆದು ಬಂದದ್ದು ಕಾಣ್ಲಿಲ್ವ?" ಎಂದು ಯಜಮಾನರು ನುಡಿದರು.

ಮುಳ್ಳು ಸುತ್ತು ಹೊಡೆದದ್ದು ಹೌದೋ ಅಲ್ಲವೋ ಎಂಬ ವಾದ ಕಾಲು ಗಂಟೆ ನಡೆಯಿತು. ಅಷ್ಟು ಹೊತ್ತೂ ಹಣ್ಣು ನೇತಾಡುತ್ತಲೇ ಇತ್ತು. ಇಳಿಸಿದ ಮೇಲೆ ಮುಳ್ಳು ಸೊನ್ನೆಗೆ ಬರಲಿಲ್ಲ. ಒಂದರ ಗೆರೆ ದಾಟಿದಲ್ಲಿ ನಿಂತಿತು. ಸೊನ್ನೆಗೆ ತರುವ ತಿರುಪು ಮೊದಲೇ ತುಕ್ಕು ಹಿಡಿದಿದ್ದರಿಂದ ತಿರುಗಲಿಲ್ಲ. ಯಜಮಾನರು ತೆಂಗಿನೆಣ್ಣೆ ಬಿಟ್ಟರು, ಪ್ರಯೋಜನವಾಗಲಿಲ್ಲ.

3. ಅರ್ಜಿದಾರಳು ಇದನ್ನು ಕಣ್ಣಾರೆ ಕಂಡಿದ್ದಾಳೆ. ಕಂಡೂ ಸುಮ್ಮನಿದ್ದಳು. ಹೇಳಿದರೆ ಬೀಗದ ಕೈ ವಿಷಯ ಬರುತ್ತದೆಂಬ ಭಯವೇ ಇದಕ್ಕೆ ಕಾರಣ, ಬೇರೆ ಕಾರಣವಿಲ್ಲ.

4. ಜೂನ್ ತಿಂಗಳ ತೂಕದಲ್ಲಿ ಮಕ್ಕಳೆಲ್ಲರೂ ಒಂದು ಕೆ.ಜಿ.ಗೆ ಮೇಲ್ಪಟ್ಟು ಹೆಚ್ಚಿದರು. ಹೆಚ್ಚಿದ್ದು ಹೇಗೆ ಎಂದು ಆಗ ಯಾರೂ ನೋಟಿಸು ಕೊಡಲಿಲ್ಲ. ಪ್ರಶಂಸಾ ಪತ್ರ ಬಂತು. ಕೂಲಿ ಮಾಡುವ ವೀರಮ್ಮನ ಮಗಳು ನಿಶ್ಚಿತಾ ಮೇ ತಿಂಗಳಲ್ಲಿ ಎಂಟು ಕೆ.ಜಿ. ಆರುನೂರು ಗ್ರಾಂ ಇದ್ದವಳು ಒಂಬತ್ತು ಎಂಟುನೂರಾದಳು. ಅವಳ ವಯಸ್ಸಿಗೆ ಒಂಬತ್ತರ ಒಳಗಿದ್ದರೆ ಮೂರನೇ ದರ್ಜೆಯ ಅಪೌಷ್ಟಿಕತೆ, ಎರಡು ಪಾಲು ಆಹಾರ. ಒಂಬತ್ತು ದಾಟಿದ್ದರಿಂದ ಎರಡನೇ ದರ್ಜೆಗೆ ಏರಿ, ಜುಲೈ ಒಂದರಿಂದ ಒಂದು ಪಾಲು ನಿಂತಿತು.

ಆ ದಿನ ವೀರಮ್ಮ ಸೆರಗಿನಲ್ಲಿ ಬೆಲ್ಲದ ಅಚ್ಚು ಕಟ್ಟಿಕೊಂಡು ಬಂದಳು. "ನಮ್ಮ ಮಗೀಗೆ ಜೀವ ಬಂತು ಟೀಚರೇ. ಎಲ್ಲ ನಿಮ್ಮ ಕೈಗುಣ" ಎಂದಳು. ಅರ್ಜಿದಾರಳು ಬೆಲ್ಲವನ್ನು ತೆಗೆದುಕೊಂಡಿರುತ್ತಾಳೆ.

5. ಆಗಸ್ಟಿನಲ್ಲಿ ಮಗುವಿಗೆ ಜ್ವರ ಬಂದು ಕೊಪ್ಪದ ಆಸ್ಪತ್ರೆಗೆ ಒಯ್ದಾಗ ಅಲ್ಲಿ ಎಂಟು ಕೆ.ಜಿ. ನಾನೂರು ಗ್ರಾಂ ತೂಗಿತು. ವೀರಮ್ಮ ಚೀಟಿ ಹಿಡಿದು ನೇರ ಕೇಂದ್ರಕ್ಕೇ ಬಂದಳು. "ಆಸ್ಪತ್ರೆ ತಕ್ಕಡಿ ಹಾಳಾಗಿದೆ ಕಾಣ್ತದೆ ಟೀಚರೇ. ಡಾಕ್ಟ್ರು ನಂಗೇ ಬೈದ್ರು, ಮಗೀಗೆ ಹೊಟ್ಟೆಗೆ ಎಂತ ಹಾಕ್ತೀಯ ಅಂತ. ನಾನೂ ಬಿಡ್ಲಿಲ್ಲ, ನಮ್ಮ ಟೀಚರ ತಕ್ಕಡೀಲಿ ಹತ್ತತ್ರ ಹತ್ತು ಬಂದಿದೆ ಅಂದೆ" ಎಂದಳು.

6. ಆದ್ದರಿಂದ ಮರುದಿನವೇ ಕಮ್ಮರಡಿಯಲ್ಲಿ ವಾಸವಿರುವ ನಿವೃತ್ತ ವಿಜ್ಞಾನ ಮೇಷ್ಟ್ರು ಗಣಪಯ್ಯನವರನ್ನು ಕರೆತರಲಾಯಿತು. ಅವರು ಬರಿದೇ ನೇತಾಡುವ ಕೊಕ್ಕೆಯನ್ನೂ ಮುಳ್ಳನ್ನೂ ನೋಡಿ, "ಎಂತ ನೀಲಮ್ಮಾ, ಇದಕ್ಕೆ ಏನು ನೇತು ಹಾಕಿದ್ರಿ?" ಎಂದರು.

"ಮಕ್ಕಳನ್ನ ಸರ್."

"ಯಾರ ಮಕ್ಕಳನ್ನ? ಭೀಮಸೇನನ ಮಕ್ಕಳನ್ನಾ?"

ಅರ್ಜಿದಾರಳು ಎಲ್ಲವನ್ನೂ ಹೇಳಿದಳು. ಅವರು ಸೊಸೈಟಿಯಿಂದ ಎರಡು, ಐದು, ಹತ್ತು ಕೆ.ಜಿ.ಯ ಬಟ್ಟುಗಳನ್ನು ತರಿಸಿ ತೂಗಿದರು. ಮುಳ್ಳು ಮೂರು ಇನ್ನೂರು, ಆರು ಇನ್ನೂರು, ಹನ್ನೊಂದು ಇನ್ನೂರು ಎಂದಿತು. "ನೋಡಿ, ಭಾರಕ್ಕೆ ತಕ್ಕ ಹಾಗೇ ಹಿಗ್ತದೆ, ಅದ್ರಲ್ಲಿ ಮೋಸ ಇಲ್ಲ. ಹೊರಡೋ ಜಾಗ ಮಾತ್ರ ತಪ್ಪಿದೆ. ಸ್ಪ್ರಿಂಗಿಗೆ ಒಂದು ಮಿತಿ ಅಂತ ಉಂಟು. ಅದ್ರೊಳಗೆ ಎಷ್ಟು ಸಲ ಎಳೆದ್ರೂ ಬಿಟ್ಟ ಕೂಡ್ಲೆ ಮೊದಲಿನ ಹಾಗೇ ಆಗ್ತದೆ. ಮಿತಿ ದಾಟಿಸಿದ್ರೆ ಪೂರ್ತಿ ವಾಪಸ್ ಬರೂದಿಲ್ಲ, ಸ್ವಲ್ಪ ಎಳೆದುಕೊಂಡೇ ಉಳೀತದೆ. ಬೈದ್ರೂ ಇಲ್ಲ, ಎಣ್ಣೆ ಬಿಟ್ರೂ ಇಲ್ಲ. ಒಂದು ಇನ್ನೂರು ಕಳೆದು ಬರ್ಕೊಳ್ಳಿ" ಎಂದರು.

7. ಸೆಪ್ಟೆಂಬರಿನಲ್ಲಿ ಅರ್ಜಿದಾರಳು ಕಳೆದು ಬರೆದಳು. ಮಕ್ಕಳು ಇಳಿದದ್ದು ಹೀಗೆ. "ಯಂತ್ರ ತೋರಿಸಿದ ತೂಕವನ್ನೇ ನಮೂದಿಸತಕ್ಕದ್ದು" ಎಂದೂ ಅದೇ ನೋಟಿಸಿನಲ್ಲಿ ಬಂದು, ಸೆಪ್ಟೆಂಬರಿನ ತೂಕಗಳೇ ರದ್ದಾಗಿ, ನಿಶ್ಚಿತಾ ಎರಡನೇ ದರ್ಜೆಯಲ್ಲೇ ಉಳಿದಳು.

8. ಹೊಸ ತಕ್ಕಡಿಗೆಂದು ಅರ್ಜಿದಾರಳು ತಮ್ಮ ಉಗ್ರಾಣದ ಗುಮಾಸ್ತರನ್ನೂ ಕಂಡಿದ್ದಾಳೆ.

"ಮುರಿದಿದೆಯೇನಮ್ಮಾ?"

"ಇಲ್ಲ ಸರ್, ಎಳೆದುಹೋಗಿದೆ."

"ಮುರಿದದ್ದಕ್ಕೆ ಕಾಲಂ ಉಂಟು, ಕಳೆದುಹೋದದ್ದಕ್ಕೂ ಉಂಟು. ಎಳೆದುಹೋದದ್ದಕ್ಕೆ ಇಲ್ಲ. ಮುರಿದ ಮೇಲೆ ಬನ್ನಿ."

ಇದನ್ನು ಕೇಳಿ ಯಜಮಾನರು, "ಅದಕ್ಕೆಂತ, ಕೊಡಲಿ ತಾ" ಎಂದರು. ಅರ್ಜಿದಾರಳು ಕೊಡಲಿ ಕೊಡಲಿಲ್ಲ. ಕೇಳಿದರೆಂದು ಒಮ್ಮೆ ಬೀಗದ ಕೈ ಕೊಟ್ಟು ಆಗಿದೆ.

9. ಕಳೆದ ವಾರ ಆಸ್ಪತ್ರೆಯಲ್ಲಿ ನಿಶ್ಚಿತಾ ಎಂಟು ಕೆ.ಜಿ. ನೂರು ಗ್ರಾಂ ತೂಗಿದ್ದಾಳೆ. ನಮ್ಮ ತಕ್ಕಡಿಯಲ್ಲಿ ಒಂಬತ್ತು ಮುನ್ನೂರು. ತಕ್ಕಡಿಯ ಪ್ರಕಾರ ಅವಳು ಇನ್ನೂ ಮುನ್ನೂರು ಗ್ರಾಂ ಸೊರಗಿದರೆ ಮಾತ್ರ ಎರಡನೇ ಪಾಲಿಗೆ ಅರ್ಹಳಾಗುವ ಹಂತಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ಕಾಯುವುದು ಅರ್ಜಿದಾರಳಿಂದ ಆಗುವುದಿಲ್ಲ. ವೀರಮ್ಮನಿಗೆ ನಿನ್ನೆ ಎಲ್ಲವನ್ನೂ ತಿಳಿಸಿದ್ದಾಗಿದೆ. ಅವಳು ಬೈಯಲಿಲ್ಲ. "ಹಂಗಾರೆ ಮಗು ದಪ್ಪ ಆಗ್ಲೇ ಇಲ್ವ ಟೀಚರೇ?" ಎಂದು ಮಾತ್ರ ಕೇಳಿದಳು.

ಆದ್ದರಿಂದ, ತಕ್ಕಡಿ ಕೆಟ್ಟದ್ದು ಅರ್ಜಿದಾರಳ ತಪ್ಪಿನಿಂದ ಎಂದು ದಾಖಲಿಸಿಕೊಂಡು, ಅವಳ ಮೇಲೆ ಯಾವ ಕ್ರಮವಾದರೂ ಜರುಗಿಸಬಹುದು. ಮಗುವಿನ ಮೇಲೆ ಈಗಾಗಲೇ ಜರುಗಿಸಿರುವ ಕ್ರಮವನ್ನು ಮಾತ್ರ ಇಂದೇ ಹಿಂಪಡೆದು, ಎರಡನೇ ಪಾಲನ್ನು ಮಂಜೂರು ಮಾಡಬೇಕು.

ತಮ್ಮ ವಿಶ್ವಾಸವನ್ನು ಈ ಪತ್ರದೊಂದಿಗೆ ಕಳೆದುಕೊಳ್ಳಬಹುದಾದ,
ನೀಲಾಂಬಿಕೆ

ಲಗತ್ತುಗಳು:
1. ನೋಟಿಸಿನ ನಕಲು.
2. ಪ್ರಶಂಸಾ ಪತ್ರ, ಅಸಲು (ಹಿಂದಿರುಗಿಸಲಾಗಿದೆ).
3. ಆಸ್ಪತ್ರೆಯ ಚೀಟಿಗಳು, ಎರಡು.
4. ನಿಶ್ಚಿತಾ, ಮೂರು ವರ್ಷ ಮೂರು ತಿಂಗಳು, ಅಸಲು.

ವಿಶೇಷ ಸೂಚನೆ: ನಾಲ್ಕನೇ ಲಗತ್ತು ತಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ತಾಯಿಯ ಜೊತೆ ಕುಳಿತಿದೆ. ತಾವು ಅದನ್ನು ಒಮ್ಮೆ ಸ್ವತಃ ಎತ್ತಿ ನೋಡಿ, ಕೈಗೆ ತೋರಿದ್ದನ್ನು ಈ ಅರ್ಜಿಯ ಮೇಲೆಯೇ ಷರಾ ಬರೆದು, ಮೂರೂವರೆಯ ಬಸ್ಸಿಗೆ ಮುಂಚೆ ಲಗತ್ತನ್ನು ವಾಪಸು ಕೊಡಬೇಕಾಗಿ ಕೋರಿದೆ.